ಬೆನ್ನ ಕಡೆಯ ಅಕ್ಷರಗಳು

ವರ್ಷಕ್ಕೊಮ್ಮೆ, ಮಳೆಗಾಲದ ತೇವವೆಲ್ಲ ಆರಿ ಬಿಸಿಲು ಗಟ್ಟಿಯಾಗುವ ಹೊತ್ತಿಗೆ, ಪೆಟ್ಟಿಗೆಯ ಬಟ್ಟೆಗಳನ್ನು ಹೊರತೆಗೆದು ಮಾಳಿಗೆಯ ಮೇಲೆ ಹರವುವುದು ನಮ್ಮ ಮನೆಯ ಪದ್ಧತಿ. ನನ್ನ ಮದುವೆಯ ಇಳಕಲ್ ಸೀರೆ, ಉಡಿ ತುಂಬಿದಾಗ ಬಂದು ಇನ್ನೂ ಕುಪ್ಪಸವಾಗದೆ ಉಳಿದ ಖಣಗಳು, ಯಾವ ಕೂಸಿನದೋ ನೆನಪಾಗದ ಒಂದು ಕುಲಾವಿ, ಇವೆಲ್ಲ ಮುಗಿದ ಮೇಲೆ ತಳದಲ್ಲಿ ಕೊನೆಗೆ ಸಿಕ್ಕುವುದು ಎರಡು ಮೊಳದ ಒಂದು ದಾಳಿಂಬೆ ಬಣ್ಣದ ಬಟ್ಟೆ. ಅದರಲ್ಲಿ ಬಿಳಿಯ ನೂಲಿನಿಂದ ನೇಯ್ದ, ಅಂಗೈಯಗಲದ ಆರು ಅಕ್ಷರಗಳಿವೆ. ಮೇಲಿನ ಮಡಿಕೆಯೊಳಗಿಂದ ಒಂದು ಹಗ್ಗ ಹಾಯ್ದಿದೆ. ಹಗ್ಗವೆಂದರೆ ನಿಜವಾದ ಹಗ್ಗವಲ್ಲ, ಬಣ್ಣಬಣ್ಣದ ಬಟ್ಟೆಯ ಪಟ್ಟಿಗಳನ್ನು ಒಂದಕ್ಕೊಂದು ಗಂಟು ಹಾಕಿ ಉದ್ದ ಮಾಡಿದ್ದು. ಗಂಟುಗಳೆಲ್ಲ ಹುಡುಕಿದರೂ ಬೆರಳಿಗೆ ಸಿಕ್ಕದಷ್ಟು ಸಣ್ಣವು. ಕೊನೆಯ ಪಟ್ಟಿಯ ಗಂಟು ಮಾತ್ರ ಬೋರೆಹಣ್ಣಿನಷ್ಟು ದಪ್ಪ.

ಈ ಸಲ ಬಟ್ಟೆ ಹರವಲು ಮೊಮ್ಮಗಳು ಶಾರದೆ ಬಂದಿದ್ದಳು. ಇದೇ ಬಾಗಲಕೋಟೆಯ ಅವಳ ಓಣಿಯಲ್ಲಿ ನಾಲ್ಕು ಮನೆಯವರು ಸೇರಿ ಒಂದು ಬಾಲವಾಡಿ ತೆರೆದಿದ್ದಾರೆ. ಒಬ್ಬರು ಪಡಸಾಲೆ ಕೊಟ್ಟಿದ್ದಾರೆ, ಒಬ್ಬರು ಚಾಪೆ ಕೊಟ್ಟಿದ್ದಾರೆ, ಇವಳು ತನ್ನನ್ನೇ ಕೊಟ್ಟುಕೊಂಡಿದ್ದಾಳೆ. ಅಲ್ಲಿಯ ಗೋಡೆಗೆ ಈ ಬಟ್ಟೆಯನ್ನು ಗಾಜಿನ ಚೌಕಟ್ಟಿನಲ್ಲಿ ಹಾಕಿಸಿ ತೂಗುಹಾಕುವ ಆಸೆ ಅವಳಿಗೆ. ಬಟ್ಟೆಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹೊರಳಿಸಿ ನೋಡಿ ಎರಡು ಪ್ರಶ್ನೆ ಕೇಳಿದಳು.

"ಆಯಿ, ಇದರ ಮುಖ ಯಾವ ಕಡಿ, ಬೆನ್ನು ಯಾವ ಕಡಿ? ಮತ್ತ ಈ ಗಂಟು ಭಾಳ ಒರಟ ಕಾಣ್ತದ, ಕತ್ತರಿಸಿ ತಗೀಲೇನು?"

ಸಂಜೆಗೆ ಹೇಳುತ್ತೇನೆ, ಅಲ್ಲಿಯವರೆಗೆ ಬಿಸಿಲು ತಿನ್ನಲಿ ಎಂದೆ. ಅವಳು ಕೆಳಗೆ ಹೋದಳು. ನಾನು ಇಲ್ಲಿ ಬಟ್ಟೆಗಳ ಕಾವಲಿಗೆಂಬ ನೆಪದಲ್ಲಿ ಕೂತಿದ್ದೇನೆ. ನಿಮಗೂ ಅಂಥ ಅವಸರವೇನೂ ಇಲ್ಲದಿದ್ದರೆ, ಓದುಗ ಮಿತ್ರರೇ, ಈ ನೆರಳಿನ ಕಡೆ ಸರಿದು ಕೂಡಿರಿ. ಸಂಜೆಯಾಗಲು ಇನ್ನೂ ಬಹಳ ಹೊತ್ತಿದೆ, ನನ್ನಂಥ ಮುದುಕಿಗೆ ಎದುರಿಗೆ ಕಿವಿಯೊಂದಿದ್ದರೆ ಬಿಸಿಲೂ ಬೆಳದಿಂಗಳೇ.

ಈ ಇಪ್ಪತ್ತನೆಯ ಶತಮಾನಕ್ಕೂ ನನಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಅದು ನನಗಿಂತ ಹೆಚ್ಚು ಓಡಾಡಿದೆ, ಹೆಚ್ಚು ರಾದ್ಧಾಂತವನ್ನೂ ಮಾಡಿದೆ. ನಾನು ಮಾತ್ರ ಗುಳೇದಗುಡ್ಡದಿಂದ ಬಾಗಲಕೋಟೆಯವರೆಗೆ ಬಂದು ನಿಂತುಬಿಟ್ಟೆ. ನಾನು ಹುಟ್ಟಿದ್ದು ಗುಳೇದಗುಡ್ಡದ ಒಂದು ನೇಕಾರರ ಓಣಿಯಲ್ಲಿ. ಬೆಳಗಾಗುತ್ತಲೇ ಒಂದು ಮನೆಯ ಮಗ್ಗ ಮಾತಾಡತೊಡಗಿದರೆ ಎದುರುಮನೆಯದು ಹೂಂಗುಟ್ಟುತ್ತಿತ್ತು. ಹೊತ್ತೇರುವುದರೊಳಗೆ ಇಡೀ ಓಣಿಯೇ ಒಂದು ದೊಡ್ಡ ಮಾತಿನಲ್ಲಿ ಮುಳುಗಿಹೋಗುತ್ತಿತ್ತು. ಆ ಸದ್ದಿನಲ್ಲಿ ಹುಟ್ಟಿದವರಿಗೆ ಅದು ಸದ್ದೇ ಅಲ್ಲ. ಅಮಾವಾಸ್ಯೆಯ ದಿನ ಮಗ್ಗಗಳಿಗೆ ರಜೆ ಇದ್ದು ಓಣಿ ಗಪ್ಪಾದಾಗಲೇ ತೊಟ್ಟಿಲ ಕೂಸುಗಳು ಬೆಚ್ಚಿ ಅಳುತ್ತಿದ್ದವು ಎಂದು ನಮ್ಮವ್ವ ಹೇಳುತ್ತಿದ್ದಳು.

ನನ್ನ ಮೊದಲ ನೆನಪೆಂದರೆ ಒಂದು ಕಂಬ. ನಮ್ಮದು ಕುಣಿಮಗ್ಗ, ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಅಪ್ಪ ನೇಯುತ್ತಿದ್ದ, ಅವ್ವ ಪಕ್ಕದಲ್ಲಿ ರಾಟೆ ತಿರುವಿ, ಲಾಳಿಯೊಳಗೆ ಕೂಡಿಸುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಇಬ್ಬರ ನಾಲ್ಕು ಕೈ ನಾಲ್ಕು ಕಾಲುಗಳಿಗೂ ಕೆಲಸವಿದ್ದ ಆ ಮನೆಯಲ್ಲಿ, ನಡೆಯಲು ಕಲಿತ ಕೂಸೆಂದರೆ ಮಗ್ಗದ ಉದ್ದಕ್ಕೂ ಚಾಚಿದ ಹಾಸಿನ ಎಳೆಗಳಿಗೆ ಬಂದ ಗಂಡಾಂತರ. ಕುಣಿಯೆಂದರೆ ಆ ಕೂಸಿಗೆ ಬಂದ ಗಂಡಾಂತರ. ಆದ್ದರಿಂದ ನಮ್ಮ ಓಣಿಯಲ್ಲಿ ಮೂರು ನಾಲ್ಕು ವರ್ಷದ ಕೂಸುಗಳ ಸೊಂಟಕ್ಕೆ ಒಂದು ಬಟ್ಟೆಯ ಪಟ್ಟಿ ಕಟ್ಟಿ, ಅದರ ಇನ್ನೊಂದು ತುದಿಯನ್ನು ಕಂಬಕ್ಕೆ ಕಟ್ಟುವುದು ರೂಢಿಯಾಗಿತ್ತು. ಯಾರೂ ಇದನ್ನು ಕ್ರೌರ್ಯವೆಂದು ತಿಳಿದಿರಲಿಲ್ಲ, ನೀವೂ ತಿಳಿಯಬೇಡಿ. ಅವ್ವ ತನ್ನ ಹಳೆಯ ಸೀರೆಯ ಮೆತ್ತನೆಯ ಭಾಗವನ್ನೇ ಹುಡುಕಿ ಹರಿದಿದ್ದಳು, ಸೊಂಟಕ್ಕೆ ಒತ್ತದಂತೆ ಒಳಗೆ ಅರಿವೆ ಸುತ್ತಿದ್ದಳು, ಕುಣಿಗೆ ಎರಡು ಗೇಣು ಈಚೆಗೆ ನಿಲ್ಲುವಂತೆ ಅಳೆದಿದ್ದಳು.

ಆ ಅಳತೆಯೇ ನನ್ನ ಪ್ರಪಂಚವಾಗಿತ್ತು. ಮುಂದೆ ಸಾಲೆಯಲ್ಲಿ ಭೂಗೋಳ ಕಲಿಯುವಾಗ ಭೂಮಿ ದುಂಡಗಿದೆ ಎಂದು ನಂಬಲು ನನಗೆ ಯಾವ ಕಷ್ಟವೂ ಆಗಲಿಲ್ಲ. ಕಂಬದ ಸುತ್ತ ಪಟ್ಟಿಯನ್ನು ಎಳೆದುಕೊಂಡು ತಿರುಗಿ ತಿರುಗಿ ಅದನ್ನು ನಾನು ಮೊದಲೇ ಕಂಡುಕೊಂಡಿದ್ದೆ. ಮಾಳಿಗೆಯ ಬೆಳಕಿಂಡಿಯಿಂದ ಒಂದು ಬಿಸಿಲಕೋಲು ಇಳಿದು ನೆಲದ ಮೇಲೆ ಮೆಲ್ಲಗೆ ತೆವಳುತ್ತಿತ್ತು. ಬೆಳಿಗ್ಗೆ ನನ್ನ ಅಳತೆಯ ಹೊರಗಿದ್ದದ್ದು ಮಧ್ಯಾಹ್ನಕ್ಕೆ ಒಳಗೆ ಬರುತ್ತಿತ್ತು, ಅದರೊಳಗೆ ನೂಲಿನ ಧೂಳು ಬಂಗಾರದ ನುಸಿಗಳಂತೆ ಏಳುತ್ತ ಇಳಿಯುತ್ತ ಇರುತ್ತಿತ್ತು. ಅದನ್ನು ಹಿಡಿಯಲು ಹೋಗಿ ನಾನು ಎಷ್ಟು ಸಲ ನಿದ್ದೆಹೋಗಿದ್ದೇನೋ. ಬಿಸಿಲು ನನ್ನನ್ನು ದಾಟಿ ಹೊರಟುಹೋದಾಗ ಮಾತ್ರ ಪಟ್ಟಿ ಚಿಕ್ಕದಾಯಿತೆಂದು ಅಳು ಬರುತ್ತಿತ್ತು.

ಹೀಗೆ ಅತ್ತ ಒಂದು ದಿನ ನಾನು ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಕಚ್ಚಿ ಸಡಿಲಿಸಿ, ನೇರ ಬಿಸಿಲಿನ ಬೆನ್ನುಹತ್ತಿದೆ. ಬಿಸಿಲು ಹಾಸಿನ ಮೇಲಿತ್ತು. ನಾನೂ ಹಾಸಿನ ಮೇಲೆ ಹೋದೆ. ಎಷ್ಟು ಎಳೆ ಹರಿದವೋ ತಿಳಿಯದು; ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ, ಎರಡು ದಿನ ಹರಿದ ಎಳೆಗಳನ್ನು ಒಂದೊಂದಾಗಿ ಕೂಡಿಸುತ್ತ ಕೂತ. ಎಳೆಗೆ ಎಳೆ ಕೂಡಿಸುವ ಗಂಟಿನಲ್ಲಿ ಇಡೀ ಓಣಿಯಲ್ಲಿ ಅಪ್ಪನದೇ ಕೈ. ಅವನು ಹಾಕಿದ ಗಂಟು ಅವನಿಗೇ ಮತ್ತೆ ಕಾಣುತ್ತಿರಲಿಲ್ಲವಂತೆ.

ಎದುರುಮನೆಯಲ್ಲಿ ಕಲ್ಲವ್ವಾಯಿ ಎಂಬ ಮುದುಕಿಯಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ, ಗಂಡ ಹೋದ ಮೇಲೆ ಮಗ್ಗವೂ ಇರಲಿಲ್ಲ. ನಮ್ಮ ಓಣಿಯಲ್ಲಿ ಸದ್ದಿಲ್ಲದ ಮನೆ ಅದೊಂದೇ. ಬೆಳಿಗ್ಗೆ ಇಷ್ಟಲಿಂಗದ ಪೂಜೆ ಮುಗಿದರೆ ಮುಂದೆ ಇಡೀ ದಿನ ಅವಳ ಎದುರಿಗೆ ಖಾಲಿ ಬಿದ್ದಿರುತ್ತಿತ್ತು. ಅಪ್ಪ ಎಳೆ ಕೂಡಿಸುವುದನ್ನು ಹೊಸ್ತಿಲಲ್ಲಿ ನಿಂತು ಎರಡು ದಿನ ನೋಡಿದವಳು ಮೂರನೆಯ ದಿನ ಒಳಗೆ ಬಂದು, ಕಂಬದಿಂದ ನನ್ನನ್ನು ಬಿಚ್ಚುತ್ತ ಅವ್ವನಿಗೆ ಹೇಳಿದಳು.

"ಈ ಕೂಸನ್ನ ಸಂಜಿ ತನಕ ನನಗ ಕೊಡವ್ವಾ. ಸಂಜಿಗಿ ತಿರುಗಿ ಕೊಡ್ತೇನಿ."

ಕೊಟ್ಟ ಕೂಸು ಸಂಜೆಗೆ ನಗುತ್ತ ಬಂದದ್ದನ್ನು ನೋಡಿ ಮಗ್ಗುಲ ಮನೆಯವರೂ ಕೊಟ್ಟರು, ಅವರ ಮಗ್ಗುಲವರೂ ಕೊಟ್ಟರು. ಒಂದು ತಿಂಗಳಿನಲ್ಲಿ ಕಲ್ಲವ್ವಾಯಿಯ ಮನೆಯಲ್ಲಿ ಹನ್ನೊಂದು ಕೂಸುಗಳು ಕೂತವು, ಕಲ್ಲವ್ವಾಯಿಗೇ ಕೂಡಲು ಜಾಗ ಉಳಿಯಲಿಲ್ಲ. ಆಗ ಓಣಿಯ ಕೊನೆಯ ಮನೆಯ ಹುಸೇನಬಿ ಚಾಚಿ ತನ್ನ ಅಂಗಳವನ್ನು ಕೊಟ್ಟಳು. ಅವರದು ನೂಲಿಗೆ ಬಣ್ಣ ಹಾಕುವ ಮನೆತನ. ಅಂಗಳದಲ್ಲಿ ದೊಡ್ಡದೊಂದು ಬೇವಿನ ಗಿಡವಿತ್ತು. ಬಣ್ಣದ ಹಂಡೆಗಳನ್ನು ಅವಳ ಗಂಡ ಹಿಂದಿನ ಬಾಗಿಲಿನ ಕಡೆಗೆ ಸರಿಸಿ, ಕೂಸುಗಳು ಅತ್ತ ಹೋಗದಂತೆ ಮುಳ್ಳಿನ ಬೇಲಿ ಕಟ್ಟಿದ. ಇನ್ನು ಉಳಿದ ಮನೆಗಳಲ್ಲಿ ದಿನಕ್ಕೊಬ್ಬರಂತೆ ಸರದಿಯ ಮೇಲೆ ರೊಟ್ಟಿಯೋ ಚುರುಮುರಿಯೋ ಬೆಲ್ಲ ಶೇಂಗಾವೋ ಬರುತ್ತಿತ್ತು. ಸವೆದ ಲಾಳಿಗಳು ನಮ್ಮ ದೋಣಿಗಳಾದವು, ಖಾಲಿ ಕಂಡಿಕೆಗಳು ಎಣಿಸುವ ಮಣಿಗಳಾದವು. ಯಾರೂ ಸಭೆ ಕೂಡಿ ಠರಾವು ಮಾಡಲಿಲ್ಲ. ಹೆಸರನ್ನೂ ಯಾರೂ ಇಡಲಿಲ್ಲ. ನಾವು ಕೂಸುಗಳೇ ಅದನ್ನು 'ಗಿಡದ ಸಾಲಿ' ಎಂದೆವು, ಓಣಿಯವರು ನಮ್ಮ ಬಾಯಿಂದ ಕಲಿತರು.

ಪ್ರತಿ ಮನೆಯವರೂ ಕೂಸಿನ ಜೊತೆಗೆ ಅದರ ಪಟ್ಟಿಯನ್ನೂ ಕಲ್ಲವ್ವಾಯಿಗೆ ಕೊಟ್ಟಿದ್ದರು, ಬೇಕಾದರೆ ಗಿಡಕ್ಕೆ ಕಟ್ಟಿ ಎಂಬ ಒಳ್ಳೆಯ ಮನಸ್ಸಿನಿಂದ. ಅವಳು ಯಾರನ್ನೂ ಕಟ್ಟಲಿಲ್ಲ. ಹನ್ನೊಂದೂ ಪಟ್ಟಿಗಳನ್ನು ಅಪ್ಪನ ಕೈಯಿಂದ ಒಂದಕ್ಕೊಂದು ಗಂಟು ಹಾಕಿಸಿ ಉದ್ದವಾದ ಹಗ್ಗ ಮಾಡಿಕೊಂಡಳು. ಬೆಳಿಗ್ಗೆ ಅದರ ಒಂದು ತುದಿ ಹಿಡಿದು ಓಣಿಯಲ್ಲಿ ಹೊರಟರೆ, ಮನೆಮನೆಯಿಂದ ಕೂಸುಗಳು ಬಂದು ತಮ್ಮ ತಮ್ಮ ಪಟ್ಟಿಯನ್ನು ಹಿಡಿದುಕೊಂಡು ಸಾಲಿನಲ್ಲಿ ಸೇರಿಕೊಳ್ಳುತ್ತಿದ್ದವು. ನನ್ನದು ಕೊನೆಯ ಪಟ್ಟಿ. ಕಟ್ಟಿಹಾಕುತ್ತಿದ್ದ ಅದೇ ಪಟ್ಟಿ ನನ್ನನ್ನು ಊರು ಸುತ್ತಿಸುವುದನ್ನು ಕಂಡು ನನಗೆ ಆದ ಬೆರಗನ್ನು ಈಗ ಹೇಳಲಾರೆ.

ಆ ಅಂಗಳದ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ನನಗೆ ಕಣ್ಣು ಕೂಡುತ್ತದೆ. ಬೇವಿನ ಕೊಂಬೆಯಿಂದ ಗೋಡೆಯವರೆಗೆ ಬಿದಿರಿನ ಗಳಗಳನ್ನು ಕಟ್ಟಿ, ಬಣ್ಣದಲ್ಲಿ ಅದ್ದಿದ ನೂಲಿನ ಲಡಿಗಳನ್ನು ಆರಲು ಹಾಕಿರುತ್ತಿದ್ದರು. ಕೌದಿಯ ಮೇಲೆ ಅಂಗಾತ ಮಲಗಿದರೆ ಆಕಾಶದ ಒಂದು ಪಟ್ಟೆ ಕೆಂಪು, ಒಂದು ಪಟ್ಟೆ ನೀಲಿ, ನಡುವೆ ಬೇವಿನೆಲೆಯ ಹಸಿರು; ಗಾಳಿ ಬಂದರೆ ಬಣ್ಣಗಳು ಜಾಗ ಬದಲಿಸುತ್ತಿದ್ದವು. ಕಲ್ಲವ್ವಾಯಿ ಒಂದು ಕಥೆ ಶುರುಮಾಡುತ್ತಿದ್ದಳು, ಅದು ಮುಗಿದದ್ದನ್ನು ನಾವು ಯಾರೂ ಎಂದೂ ಕೇಳಲಿಲ್ಲ. ಕಥೆಯ ರಾಜಕುಮಾರಿ ಕಾಡಿನ ಅಂಚಿಗೆ ಬರುವಷ್ಟರಲ್ಲಿ ನಮ್ಮ ಕಣ್ಣು ಮುಚ್ಚುತ್ತಿದ್ದವು, ಮುಂದಿನದನ್ನು ನಾವೇ ನಿದ್ದೆಯಲ್ಲಿ ಕಟ್ಟಿಕೊಳ್ಳುತ್ತಿದ್ದೆವು. ಮೇಲಿನ ಲಡಿಗಳಿಂದ ಒಂದೆರಡು ಹನಿ ನಮ್ಮ ಮೇಲೆ ತೊಟ್ಟಿಕ್ಕುತ್ತಿದ್ದವು. ಸಂಜೆ ಮನೆಗೆ ಬಂದಾಗ ಕೆನ್ನೆಯ ಮೇಲಿನ ಚುಕ್ಕೆ ನೋಡಿ ಅವ್ವಂದಿರು ಇವತ್ತು ಚಾಚಿಯ ಹಂಡೆಯಲ್ಲಿ ಯಾವ ಬಣ್ಣವಿತ್ತೆಂದು ಹೇಳುತ್ತಿದ್ದರು. ನಾನು ಮುಂದೆ ಎಷ್ಟೋ ಕಡೆ ಮಲಗಿದ್ದೇನೆ. ಅಂಥ ನಿದ್ದೆ ಮತ್ತೆ ಬರಲಿಲ್ಲ.

ಒಂದು ವರ್ಷ ಹೀಗೆ ಹೋಯಿತು. ನಮಗೆ ಐದು ತುಂಬುತ್ತ ಬಂದವು. ಆಗ ಮನೆಗಳಲ್ಲಿ ಗುಸುಗುಸು ಶುರುವಾಯಿತು. ಐದು ವರ್ಷದ ಕೂಸೆಂದರೆ ಕಂಡಿಕೆ ಸುತ್ತಬಲ್ಲ ಕೂಸು. ಗಿಡದ ಕೆಳಗೆ ಹಾಡು ಹೇಳುತ್ತ ಕೂತರೆ ಏನು ಬಂತು ಎಂದು ಗಂಡಸರು ಮಾತಾಡಿಕೊಂಡರು. ಕಂಡಿಕೆ ಸುತ್ತುವ ಕೂಸನ್ನೂ ಮೊದಮೊದಲು ಕಂಬಕ್ಕೇ ಕಟ್ಟುತ್ತಿದ್ದರು, ಕೆಲಸ ಬಿಟ್ಟು ಓಡಬಾರದೆಂದು. ಇದು ನನಗೆ ಗೊತ್ತಿತ್ತು. ಕಲ್ಲವ್ವಾಯಿಗೂ ಗೊತ್ತಿತ್ತು. ಅವಳು ಒಂದು ದಿನ ಸೆರಗು ಹೊದ್ದು ಸರಕಾರಿ ಕನ್ನಡ ಸಾಲೆಯ ಕಟ್ಟೆಯ ಕೆಳಗೆ ಹೋಗಿ ನಿಂತಳು. ಮಾಸ್ತರರು ಬಾಗಲಕೋಟೆಯ ಕಡೆಯವರು, ರುಮಾಲು ಸುತ್ತುವ, ಕಡಿಮೆ ಮಾತಿನ ಮನುಷ್ಯ. ಇಷ್ಟು ಸಣ್ಣವರನ್ನು ಹಾಜರಿ ಪುಸ್ತಕದಲ್ಲಿ ಬರೆದುಕೊಳ್ಳಲು ಬರುವುದಿಲ್ಲವೆಂದರು. ಮುದುಕಿ ಅಲ್ಲಿಂದ ಕದಲಲಿಲ್ಲ. ಕೊನೆಗೆ ಅವರು ಮಣಿದು ಒಂದು ಮಾತು ಕೊಟ್ಟರು: ವಿಜಯದಶಮಿಯ ದಿನ ಬಂದು ಅ ಆ ಇ ಈ ಉ ಊ, ಈ ಆರು ಅಕ್ಷರ ಬರೆದು ತೋರಿಸಿದವರನ್ನು, ಹೆಣ್ಣಾಗಲಿ ಗಂಡಾಗಲಿ, ಸೇರಿಸಿಕೊಳ್ಳುತ್ತೇನೆ. ಓಣಿಯ ಗಂಡಸರೂ ಅದಕ್ಕೆ ಒಪ್ಪಿದರು. ಬರೆದರೆ ಗಿಡದ ಸಾಲೆ ನಡೆಯಲಿ, ಬರೆಯದಿದ್ದರೆ ಕೂಸುಗಳು ಮನೆಗೆ ಬರಲಿ ಎಂದು ಮಾತಾಯಿತು.

ಆದರೆ ಇಡೀ ಓಣಿಯಲ್ಲಿ ಆ ಆರು ಅಕ್ಷರ ಬಲ್ಲವರು ಒಬ್ಬರೂ ಇರಲಿಲ್ಲ. ಮಾಸ್ತರರು ಒಂದು ಪಾಟಿಯ ಮೇಲೆ ಅವನ್ನು ದೊಡ್ಡದಾಗಿ ಬರೆದು, ಪಾಟಿಯನ್ನೇ ಕೈಗಡ ಕೊಟ್ಟರು. ಅದನ್ನು ತಂದವನು ಅಪ್ಪ; ದಾರಿಯುದ್ದಕ್ಕೂ ಅ ಆ ಇ ಈ ಎಂದು ಗುನುಗುತ್ತ, ಎದುರು ಬಂದವರು ಮಾತಾಡಿಸಿದರೆ ಮರೆತುಹೋದೀತೆಂದು ತಲೆ ಎತ್ತದೆ ಬಂದನಂತೆ. ಬಳಪದಲ್ಲಿ ಬರೆದದ್ದು ಹನ್ನೊಂದು ಕೂಸುಗಳ ಕೈಯಲ್ಲಿ ಎಷ್ಟು ಹೊತ್ತು ಉಳಿದೀತು? ಅದಕ್ಕೆ ಅಪ್ಪ ಒಂದು ಉಪಾಯ ಮಾಡಿದ. ಪಾಟಿಯನ್ನು ಮಗ್ಗದ ಎದುರಿಗೆ ಆನಿಸಿಟ್ಟು, ಬೆರಳಿನಿಂದ ಒಂದೊಂದೇ ಎಳೆ ಎತ್ತಿ ಬಿಳಿಯ ನೂಲು ಹಾಯಿಸಿ, ಅಕ್ಷರಗಳನ್ನು ಬಟ್ಟೆಯಲ್ಲೇ ನೇಯ್ದ. ನಾಲ್ಕು ದಿನ ಖಣದ ಕೆಲಸ ಬಿಟ್ಟು ಅದನ್ನೇ ನೇಯ್ದ. ಹಾಸಿನ ಮೇಲೆ ಓಡಿದ ಮಗಳ ಮೇಲೆ ಅವನಿಗಿದ್ದ ಸಿಟ್ಟೆಲ್ಲ ಅಷ್ಟರಲ್ಲಿ ಪ್ರೀತಿಯಾಗಿ ಕರಗಿತ್ತೆಂದು ನನಗೆ ಅನಿಸುತ್ತದೆ. ಬಟ್ಟೆ ಮುಗಿದ ದಿನ ಪಾಟಿ ನನ್ನ ಕೈಗೆ ಬಂತು. ಪಾಟಿ ಸಿಕ್ಕ ಕೂಸು ಮಾಡುವ ಕೆಲಸವನ್ನೇ ನಾನೂ ಮಾಡಿದೆ: ಉಗುಳು ಹಚ್ಚಿ ಚೊಕ್ಕಟವಾಗಿ ಒರೆಸಿಬಿಟ್ಟೆ.

ಇಲ್ಲಿ ನಿಮಗೆ ನಮ್ಮ ಕಸುಬಿನ ಒಂದು ಸಂಗತಿ ಹೇಳಬೇಕು. ನಮ್ಮ ಮಗ್ಗಗಳಲ್ಲಿ ಹೂವಿನ ಖಣ ನೇಯುವಾಗ ಬಟ್ಟೆಯ ಮುಖ ಕೆಳಗಿರುತ್ತದೆ, ಬೆನ್ನು ಮೇಲಿರುತ್ತದೆ. ಎಳೆಯ ತುದಿಗಳು, ಗಂಟುಗಳು ಎಲ್ಲ ನೇಕಾರನ ಕಣ್ಣೆದುರಿಗೆ. ನುಣುಪಾದ ಅಂದದ ಭಾಗ ನೆಲದ ಕಡೆಗೆ. ಬಟ್ಟೆ ಕೊಯ್ದು ಹೊರಳಿಸಿದಾಗಲೇ ತಾನು ಮಾಡಿದ ಚೆಲುವು ಅವನಿಗೆ ಕಾಣುವುದು. ಹೂವು, ನಕ್ಷತ್ರ, ಗೋಪುರ, ಇವೆಲ್ಲ ಎಡಕ್ಕೂ ಬಲಕ್ಕೂ ಒಂದೇ ಸಮ ಇರುವಂಥವು. ಹೊರಳಿಸಿದರೆ ಅವಕ್ಕೇನೂ ಆಗುವುದಿಲ್ಲ. ಅಜ್ಜ ಮುತ್ತಜ್ಜರ ಕಾಲದಿಂದ ನಮ್ಮವರು ನೇಯ್ದದ್ದು ಅವನ್ನೇ. ಹೊರಳಿಸಿದರೆ ಬೇರೆಯಾಗುವ ವಸ್ತುವೊಂದು ಲೋಕದಲ್ಲಿ ಇದೆಯೆಂದು ಅಪ್ಪನಿಗೆ ಹೇಳಿದವರು ಯಾರು?

ನೀವು ಆಗಲೇ ನಕ್ಕಿರಿ, ನನಗೆ ಗೊತ್ತು. ನಾವು ಮಾತ್ರ ನಗಲಿಲ್ಲ. ಹನ್ನೊಂದು ಪಟ್ಟಿಗಳ ಹಗ್ಗವನ್ನು ಬಟ್ಟೆಯ ಮೇಲಂಚಿನಲ್ಲಿ ತೂರಿಸಿ, ಬೇವಿನ ಗಿಡಕ್ಕೂ ಒಂದು ಕಂಬಕ್ಕೂ ನಡುವೆ, ನುಣುಪಾದ ಮುಖ ನಮ್ಮ ಕಡೆಗೆ ಬರುವಂತೆ ತೂಗುಹಾಕಿದರು. ಮಗ್ಗದ ಮೇಲೆ ಎಡತುದಿಗಿದ್ದ ಅಕ್ಷರ ಹೊರಳಿಸಿದಾಗ ಬಲಕ್ಕೆ ಬಂದದ್ದನ್ನು ಅಪ್ಪ ಸರಿಯಾಗಿಯೇ ನೆನಪಿಟ್ಟಿದ್ದ. ಅಲ್ಲಿಂದಲೇ ಶುರುಮಾಡಬೇಕೆಂದು ಬೆರಳಿಟ್ಟು ತೋರಿಸಿದ. ಬಲದಿಂದ ಎಡಕ್ಕೆ ಹೋಗುವುದೇ ಎಂದು ಯಾರೋ ಅನುಮಾನ ತೆಗೆದಾಗ ಹುಸೇನಬಿ ಚಾಚಿ, ತನಗೆ ಕುರಾನು ಓದಿಸಿದ ಮುಲ್ಲಾ ಕೂಡ ಬಲಗಡೆಯಿಂದಲೇ ಬೆರಳಿಡಿಸುತ್ತಿದ್ದನೆಂದೂ, ಓದು ಯಾವತ್ತೂ ಬಲದಿಂದಲೇ ಹೊರಡುವುದೆಂದೂ ಖಂಡಿತವಾಗಿ ಹೇಳಿದಳು. ಅಲ್ಲಿಗೆ ಎಲ್ಲರ ಅನುಮಾನವೂ ಮುಗಿಯಿತು. ಉಸುಕಿನ ಮೇಲೆ ಬೆರಳಾಡಿಸಿ ನಾವು ಹನ್ನೊಂದೂ ಜನ ಆ ಆರು ಅಕ್ಷರಗಳನ್ನು ಕಣ್ಣು ಮುಚ್ಚಿ ಬರೆಯುವಷ್ಟು ಕಲಿತೆವು. ನನ್ನ ಅಕ್ಷರ ಎಲ್ಲರಿಗಿಂತ ದುಂಡಗಿತ್ತು.

ವಿಜಯದಶಮಿಯ ದಿನ ಹೊಸ ಖಣದ ಕುಪ್ಪಸ ತೊಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ನಾನೇ ಎಲ್ಲರಿಗಿಂತ ಮುಂದೆ ಹೋದೆ. ಓಣಿಯ ಅರ್ಧ ಜನ ಸಾಲೆಯ ಕಟ್ಟೆಯ ಕೆಳಗೆ ನಿಂತಿದ್ದರು. ಮಾಸ್ತರರು ಪಾಟಿ ಕೊಟ್ಟರು. ನಾನು ಬಲ ತುದಿಯಿಂದ ಶುರುಮಾಡಿ ಆರೂ ಅಕ್ಷರಗಳನ್ನು ತಡವರಿಸದೆ ಬರೆದು ತಲೆ ಎತ್ತಿದೆ. ದೊಡ್ಡ ಹುಡುಗರು ನಗತೊಡಗಿದರು. ಇನ್ನೊಂದು ಕೂಸು ಬರೆಯಿತು, ಮತ್ತೊಂದು ಬರೆಯಿತು, ಎಲ್ಲವೂ ಒಂದೇ ರೀತಿ. ಮಾಸ್ತರರಿಗೆ ಸಿಟ್ಟು ಬರಲಿಲ್ಲ, ಅದೇ ಹೆಚ್ಚು ನೋವಾಯಿತು.

"ಎಲ್ಲಾ ತಿರುವಿ ಬರದಾವು. ತಿಳೀದವ್ರು ಕಲಿಸಿದ್ರ ಹಿಂಗ ಆಗ್ತದವ್ವಾ," ಎಂದು ಕಲ್ಲವ್ವಾಯಿಗೆ ಮೆಲ್ಲಗೆ ಹೇಳಿದರು. "ಈ ವರ್ಷ ಬ್ಯಾಡ."

ಮಾರನೆಯ ದಿನದಿಂದ ಒಂದೊಂದೇ ಕೂಸು ಬರುವುದು ನಿಂತಿತು. ಅಪ್ಪನ ನೇಯ್ಗೆ ಎಂದೂ ಯಾರ ಕೈಯಿಂದಲೂ ತಿರುಗಿ ಬಂದಿರಲಿಲ್ಲ. ಈಗ ಊರೆಲ್ಲ ನಗುವಂಥದ್ದನ್ನು ನೇಯ್ದೆನೆಂದು ಅವನು ಊಟ ಬಿಟ್ಟ. ತಪ್ಪು ಎಲ್ಲಿ ಆಯಿತೆಂಬುದು ಮಾತ್ರ ಅವನಿಗೆ ತಿಳಿಯಲಿಲ್ಲ. ಅವ್ವ ಇನ್ನೊಂದು ಸೀರೆಯ ಅಂಚು ಹರಿದು ಪಟ್ಟಿ ಮಾಡಿದಳು. ನಾನು ಮತ್ತೆ ಕಂಬಕ್ಕೆ ಬಂದೆ. ಕೈಯಲ್ಲಿ ರಾಟೆಯಿತ್ತು, ಸೊಂಟಕ್ಕೆ ಪಟ್ಟಿಯಿತ್ತು, ಬಿಸಿಲಕೋಲು ಹಿಂದಿನಂತೆಯೇ ಇಳಿಯುತ್ತಿತ್ತು. ಆದರೆ ಒಮ್ಮೆ ಅಂಗಳ ನೋಡಿದ ಕಣ್ಣಿಗೆ ಅದು ಬರೀ ಧೂಳಾಗಿ ಕಂಡಿತು. ನಾನು ಅಳಲಿಲ್ಲ. ಕಂಬದ ಬುಡದಲ್ಲಿ ಬೆರಳಿನಿಂದ ಆ ಆರು ಅಕ್ಷರಗಳನ್ನು ಬರೆಯುತ್ತಲೇ ಇದ್ದೆ, ಅವು ತಪ್ಪೆಂದು ಗೊತ್ತಿದ್ದೂ.

ಆ ತಿಂಗಳ ಅಮಾವಾಸ್ಯೆಯ ದಿನ, ಮಗ್ಗಗಳು ಸುಮ್ಮನಿದ್ದ ಹೊತ್ತಿನಲ್ಲಿ, ಓಣಿಯವರೆಲ್ಲ ಹುಸೇನಬಿ ಚಾಚಿಯ ಅಂಗಳದಲ್ಲಿ ಕೂಡಿದರು. ಅವರವರ ಪಟ್ಟಿಗಳನ್ನು ಅವರವರು ಬಿಚ್ಚಿಕೊಂಡು ಹೋಗುವುದೆಂದು ಮಾತಾಗಿತ್ತು. ಜಗಳವೇನೂ ಇರಲಿಲ್ಲ, ಮುಗಿದ ಕೆಲಸವೊಂದನ್ನು ಮಡಚಿಡಲು ಬಂದವರಂತೆ ಎಲ್ಲರೂ ತಲೆ ತಗ್ಗಿಸಿ ನಿಂತಿದ್ದರು. ಕಲ್ಲವ್ವಾಯಿ ಗಿಡದ ಬುಡದಲ್ಲಿ ಕೌದಿಯ ಮೇಲೆ ಕೂತಿದ್ದಳು. ನಾಳೆಯಿಂದ ಅವಳ ದಿನ ಮತ್ತೆ ಖಾಲಿ. ಎಲ್ಲರಿಗಿಂತ ಮೊದಲು ಎದ್ದವನು ನಮ್ಮಪ್ಪ. ತಾನೇ ಹಾಕಿದ ಆ ಕಾಣದ ಗಂಟನ್ನು ಹುಡುಕಿ, ಉಗುರಿನಿಂದ ಬಿಡಿಸಿ, ನಮ್ಮ ಪಟ್ಟಿಯನ್ನು ತೆಗೆದುಕೊಂಡ. ಗಿಡದ ಕಡೆಯ ಆಸರೆ ತಪ್ಪಿ ಬಟ್ಟೆಯ ಒಂದು ಮೂಲೆ ಜೋತುಬಿತ್ತು; ಅದನ್ನು ಚಾಚಿ ತಡೆದು ಹಿಡಿದು ನಿಂತಳು, ಬಿಡಲು ಮನಸ್ಸಾಗದವಳಂತೆ.

ಆಗ ಹಿಂದಿನ ಬಾಗಿಲು ತೆರೆಯಿತು. ಮಾಸ್ತರರು ತಮ್ಮ ಪಾಟಿಯನ್ನು ಕೇಳಿಕೊಂಡು ಹೋಗಲು ಬಂದಿದ್ದರು. ಅತ್ತಲ ಓಣಿಯಿಂದ ಬಂದದ್ದರಿಂದ ಹಂಡೆಗಳ ಕಡೆಯಿಂದ ಒಳಗೆ ಬಂದರು. ಎರಡು ಹೆಜ್ಜೆ ಇಟ್ಟವರು ಅಲ್ಲೇ ನಿಂತರು. ನಮಗೆ ಅವರ ಮುಖ ಕಾಣುತ್ತಿರಲಿಲ್ಲ, ಬಟ್ಟೆ ಅಡ್ಡವಿತ್ತು. ಅದರ ಹಿಂದಿನಿಂದ ದನಿ ಮಾತ್ರ ಕೇಳಿಸಿತು, ಒಂದೊಂದೇ ಅಕ್ಷರವನ್ನು ಬಿಡಿಸಿ ಬಿಡಿಸಿ ಓದುವ ದನಿ: ಅ, ಆ, ಇ, ಈ, ಉ, ಊ. ಆಮೇಲೆ, "ಸಂಗಪ್ಪಾ, ಈ ಕಡಿ ಬಾ," ಎಂದು ಅಪ್ಪನನ್ನು ಕರೆದರು.

ಅಪ್ಪ ಹೋದ. ಅವನ ಹಿಂದೆ ಎಲ್ಲರೂ ಹೋದರು. ಎಳೆಯ ತುದಿಗಳು ಜೋಲುತ್ತಿದ್ದ, ಗಂಟುಗಳಿಂದ ಒರಟಾಗಿದ್ದ ಆ ಬೆನ್ನಿನ ಮೇಲೆ, ಮಾಸ್ತರರು ಬರೆದುಕೊಟ್ಟಿದ್ದ ಹಾಗೆಯೇ, ಎಡದಿಂದ ಬಲಕ್ಕೆ, ಆರೂ ಅಕ್ಷರಗಳು ಸಾಲಾಗಿ ನಿಂತಿದ್ದವು. ಮಗ್ಗದ ಮೇಲೆ ಅಪ್ಪ ನಾಲ್ಕು ದಿನ ನೋಡಿದ್ದೂ ಈ ಕಡೆಯನ್ನೇ. ಅವನಿಗೆ ಒಮ್ಮೆಗೇ ತಿಳಿಯಿತು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಮಾಸ್ತರರು ಮಾತ್ರ ನಮ್ಮ ಕಡೆ ನೋಡಿ, ಮುಂದಿಟ್ಟದ್ದನ್ನು ಕೂದಲೆಳೆಯಷ್ಟೂ ತಪ್ಪದೆ ಬರೆದ ಕೂಸುಗಳಿವು, ನಾನೇ ಅವಸರ ಮಾಡಿದೆ, ಹದಿನೈದು ದಿನದಲ್ಲಿ ಇವರ ಕೈ ತಿರುಗುತ್ತದೆ, ಕಳಿಸಿಕೊಡಿ ಎಂದರು.

ಹಾಗಾದರೆ ಬಟ್ಟೆಯನ್ನು ಬಿಚ್ಚಿ ಹೊರಳಿಸಿ ಕಟ್ಟೋಣ ಎಂದು ಯಾರೋ ಹಗ್ಗಕ್ಕೆ ಕೈ ಹಾಕಿದರು. ಆಗ ಕಲ್ಲವ್ವಾಯಿ ಎದ್ದಳು.

"ಬಿಚ್ಚಬ್ಯಾಡ್ರಿ. ಒಂದು ಬಿಚ್ಚಿದ್ರ ಹನ್ನೊಂದೂ ಬಿಚ್ಚತಾವು. ಬಟ್ಟಿ ಅಲ್ಲೇ ಇರಲಿ, ಹುಡುಗರನ್ನ ಈ ಕಡಿ ಕೂಡಸ್ರಿ."

ಹೇಳಿದವಳೇ ತಾನು ಕೂತಿದ್ದ ಕೌದಿಯನ್ನು ಎತ್ತಿ, ಬಟ್ಟೆಯ ಆಚೆ ಬದಿಗೆ, ಹಂಡೆಗಳ ಕಡೆಗೆ ತಂದು ಹಾಸಿದಳು. ಹುಸೇನಬಿ ಚಾಚಿಯ ಗಂಡ ಮರುಮಾತಿಲ್ಲದೆ ಮುಳ್ಳಿನ ಬೇಲಿಯನ್ನು ಇನ್ನೂ ನಾಲ್ಕು ಮಾರು ಹಿಂದಕ್ಕೆ ಸರಿಸತೊಡಗಿದ. ಅಪ್ಪನೊಬ್ಬನೇ ಹಿಂಜರಿದ. ನೇಕಾರನಾದವನು ತನ್ನ ಬಟ್ಟೆಯ ಬೆನ್ನನ್ನು ನಾಲ್ಕು ಜನರಿಗೆ ತೋರಿಸುವುದಿಲ್ಲ. ಅದು ಅವನ ಮನೆಯ ಒಳಗಿನ ಮಾತು. ಗಂಟು, ಎಳೆಯ ತುದಿ ಎಲ್ಲ ದಿನಾ ಊರಿಗೆ ಕಾಣುವುದಲ್ಲ ಎಂದು ಅವನು ಮುದುಕಿಯ ಮುಂದೆ ತೊದಲಿದ.

"ಕಾಣ್ಲಿ ಬಿಡಪ್ಪಾ," ಎಂದಳು ಕಲ್ಲವ್ವಾಯಿ.

ಅಪ್ಪ ಬಟ್ಟೆಯ ಬೆನ್ನಿನ ಮೇಲೆ ಒಮ್ಮೆ ಕೈಯಾಡಿಸಿದ. ಆಮೇಲೆ ಕೈಯಲ್ಲಿದ್ದ ನಮ್ಮ ಪಟ್ಟಿಯನ್ನು ತಂದು ಹತ್ತನೆಯ ಪಟ್ಟಿಯ ತುದಿಗೆ ಸೇರಿಸಿ ಗಂಟು ಹಾಕಿದ. ಚಾಚಿ ಹಿಡಿದಿದ್ದ ಮೂಲೆಯನ್ನು ಬಿಟ್ಟಳು. ಬಟ್ಟೆ ನೆಟ್ಟಗೆ ನಿಂತಿತು. ನಾನು ಓಡಿಹೋಗಿ ಕೌದಿಯ ಮೇಲೆ ಎಲ್ಲರಿಗಿಂತ ಮುಂದೆ ಕೂತೆ.

ಮುಂದಿನದು ದೊಡ್ಡ ಕಥೆಯೇನಲ್ಲ. ಹದಿನೈದು ದಿನದಲ್ಲಿ ನಮ್ಮ ಕೈ ತಿರುಗಿತು. ಮರುವರ್ಷ ಪಕ್ಕದ ಓಣಿಯವರು ಬಂದು ನೋಡಿಕೊಂಡು ಹೋಗಿ ತಮ್ಮಲ್ಲೊಂದು ಗಿಡ ಹುಡುಕಿಕೊಂಡರು. ಇಳಕಲ್ಲಿಗೆ ಮದುವೆಯಾಗಿ ಹೋದ ನಮ್ಮ ಚಿಗವ್ವ ಅಲ್ಲಿಯೂ ಒಂದನ್ನು ಶುರುಮಾಡಿದಳು. ಅವರಿಗೆಲ್ಲ ಅಪ್ಪನೇ ಅಕ್ಷರದ ಬಟ್ಟೆ ನೇಯ್ದುಕೊಟ್ಟ, ಈಗ ಬೇಕೆಂದೇ ತಿರುವಿ ನೇಯ್ದು, ನುಣುಪಾದ ಮುಖದಲ್ಲೇ ಅಕ್ಷರ ಸರಿಯಾಗಿ ಬರುವ ಹಾಗೆ. ಅವು ಬಹಳ ಚೆಂದದ ಬಟ್ಟೆಗಳು. ನಮ್ಮ ಅಂಗಳದ್ದನ್ನು ಮಾತ್ರ ಬದಲಿಸಲು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ; ಕೊನೆಗೆ ಅದು ಹಗ್ಗದ ಸಮೇತ ನನ್ನ ಪೆಟ್ಟಿಗೆಗೆ ಬಂತು. ನಾನು ಕಲಿತು, ಕಲಿಸಲು ನಿಂತು, ಮೂವತ್ತು ವರ್ಷ ಹೆಣ್ಣುಮಕ್ಕಳ ಸಾಲೆಯಲ್ಲಿ ಎಲ್ಲಕ್ಕೂ ಕೆಳಗಿನ ತರಗತಿಯನ್ನೇ ಬೇಡಿ ಪಡೆದೆ. ತಪ್ಪು ಬರೆದ ಕೂಸನ್ನು ಕಂಡಾಗಲೆಲ್ಲ ನನಗೆ ಕೈಯೆತ್ತಲು ಆಗುತ್ತಿರಲಿಲ್ಲ. ಎದ್ದು ಅದರ ಹಿಂದೆ ಹೋಗಿ ನಿಂತು, ಅದು ನೋಡುತ್ತಿರುವ ಕಡೆಯಿಂದ ಒಮ್ಮೆ ನೋಡುತ್ತಿದ್ದೆ.

ಅಗೋ, ಬಿಸಿಲು ಇಳಿಯಿತು. ಶಾರದೆ ಮೇಲೆ ಬಂದಳು, ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಬಂದಿದ್ದಾಳೆ. ಮೊದಲ ಪ್ರಶ್ನೆಗೆ ನಾನು ಉತ್ತರ ಕೊಟ್ಟೆ: ಗಾಜು ಬೇಡ, ಗೋಡೆಯೂ ಬೇಡ, ಪಡಸಾಲೆಯ ನಡುವೆ ಕಟ್ಟು, ಕೂಸುಗಳು ಸುತ್ತಲೂ ಓಡಾಡಲಿ, ಗಂಟುಗಳಿರುವ ಕಡೆಗೆ ಚಾಪೆ ಹಾಸು. ಎರಡನೆಯದಕ್ಕೆ, ಕತ್ತರಿಸಬೇಡ ಎಂದು, ಕಾರಣವನ್ನೂ ಹೇಳಿದೆ. ಹರಿದ ಎಳೆಯನ್ನು ತನಗೇ ಕಾಣದಂತೆ ಕೂಡಿಸುತ್ತಿದ್ದ ಮನುಷ್ಯ, ಆ ಅಮಾವಾಸ್ಯೆಯ ದಿನ, ನೇಕಾರನ ಗಂಟು ಮರೆತವನಂತೆ, ಎತ್ತು ಕಟ್ಟುವ ಹಗ್ಗಕ್ಕೆ ಹಾಕುವಂಥ ಗಂಟನ್ನು ಒಂದರ ಮೇಲೊಂದು ಮೂರು ಸಲ ಬಿಗಿದಿದ್ದ. ಸಣ್ಣ ಗಂಟು ಎಷ್ಟು ಸುಲಭವಾಗಿ ಬಿಚ್ಚುತ್ತದೆಂದು ಅವನು ತಾನೇ ಬಿಚ್ಚಿ ನೋಡಿದ್ದನಲ್ಲ.

ಶಾರದೆ ಕತ್ತರಿಯನ್ನು ಕೆಳಗಿಟ್ಟು, ಆ ಗಂಟಿನ ಮೇಲೆ ಉಗುರಾಡಿಸಿ ನೋಡಿದಳು. "ಬಿಚ್ಚಂಗಿಲ್ಲ ಆಯಿ ಇದು," ಎಂದಳು.

ಬಿಚ್ಚುವುದಿಲ್ಲ ಮಗಳೇ ಎಂದೆ, ಬಟ್ಟೆಯನ್ನು ಬೆನ್ನು ಹೊರಗೆ ಮಾಡಿ ಮಡಚಿ ಅವಳ ಕೈಗಿಟ್ಟೆ.